ಸಾವಕಾಶ ನಡೆಯದ ಗಾಡಿ

ನಮ್ಮ ಮನೆಗೆ ಬಂದವರನ್ನು ನಾನು ಒಳಗೆ ಕರೆಯುವ ಮೊದಲು ಅಂಗಳದಲ್ಲೇ ಕೂಡಿಸುತ್ತೇನೆ. ಕುರ್ಚಿ ಹುಡುಕಬೇಡಿ. ಬೇವಿನ ಗಿಡದ ಕೆಳಗೆ ಇಟ್ಟಂಗಿ ಜೋಡಿಸಿ, ಅದರ ಮೇಲೆ ಒಂದು ಕಬ್ಬಿಣದ ತೊಟ್ಟಿ ಇಟ್ಟಿದ್ದೇನೆ. ಎರಡು ಕಡೆ ತಗಡಿನ ಗೋಡೆ, ಒಂದು ಕಡೆ ಸರಪಳಿಗೆ ಜೋತುಬಿದ್ದ ಹಲಗೆ. ಹಲಗೆ ಇಳಿಸಿದರೆ ಇಬ್ಬರು ಆರಾಮಾಗಿ ಕೂಡಬಹುದು, ನನ್ನಂಥವಳಾದರೆ ಒಬ್ಬಳೇ. ಹೊಸಬರು "ಇದೇನ್ರಿ ಟೀಚರ್ರ?" ಎನ್ನುತ್ತಾರೆ. ಹಳೆಯ ಪಿಕಪ್ ಗಾಡಿಯ ಹಿಂದಿನ ಅರ್ಧ ಎನ್ನುತ್ತೇನೆ. ಮುಂದಿನ ಅರ್ಧ ಎಲ್ಲಿ ಎಂದರೆ, ಬೆಟಗೇರಿಯಲ್ಲಿ ನಮ್ಮಣ್ಣನ ಹತ್ತಿರ ಎನ್ನುತ್ತೇನೆ. ಆಸ್ತಿ ಪಾಲಾದಾಗ ಅಣ್ಣ-ತಂಗಿ ಗಾಡಿಯನ್ನೂ ಕೊಯ್ದು ಹಂಚಿಕೊಂಡಿದ್ದೇವೆ ಎಂದು ಗದಗಿನ ನನ್ನ ಓಣಿಯ ಹಲವರು ನಂಬಿದ್ದಾರೆ. ನಾನು ತಿದ್ದಲು ಹೋಗಿಲ್ಲ. ನೌಕರಿಯುದ್ದಕ್ಕೂ ಮಕ್ಕಳ ಪುಸ್ತಕ ತಿದ್ದಿ ತಿದ್ದಿ ಸಾಕಾಗಿದೆ.

ನಿನ್ನೆ ಆ ಹಲಗೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಓಣಿಯ ತುದಿಯಲ್ಲಿ ಭಜನೆಯ ಸದ್ದು ಕೇಳಿತು. ಒಂದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಯಾರನ್ನೋ ಕೂಡಿಸಿಕೊಂಡು ಸಾವಕಾಶ ಹೋಯಿತು. ನಾನು ಎದ್ದು ನಿಂತೆ. ಮಡಿಲಲ್ಲಿದ್ದ ಶೇಂಗಾ ಎಲ್ಲ ನೆಲದ ಪಾಲಾಯಿತು. ಹೋದವರು ಯಾರೆಂದು ಗೊತ್ತಿಲ್ಲ. ಆದರೆ ಆ ಡ್ರೈವರನ ಕಾಲನ್ನೇ ನೋಡುತ್ತ ನಿಂತಿದ್ದೆ. ಹೆಣದ ಮುಖ ನೋಡುವುದು ಬಿಟ್ಟು ಡ್ರೈವರನ ಕಾಲು ನೋಡುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ. ಬಿದಿರಿನಲ್ಲಿ ವಿಮಾನ ಕಟ್ಟಿ, ಬಾಳೆಕಂಬ, ಹೂವು ಹಾಕಿ, ಅದರೊಳಗೆ ಚಕ್ಕಳಮಕ್ಕಳ ಕೂಡಿಸಿ, ಹಣೆಗೆ ವಿಭೂತಿ ಹಚ್ಚುತ್ತೇವೆ. ಮದುವೆಯಲ್ಲಿ ಕೂಡ ಅಷ್ಟು ನೆಟ್ಟಗೆ ಯಾರೂ ಕೂತಿರುವುದಿಲ್ಲ. ಹಿಂದೆಲ್ಲ ಹೆಗಲ ಮೇಲೆ ಒಯ್ಯುತ್ತಿದ್ದರಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಬೆಟಗೇರಿಯ ನಮ್ಮ ಓಣಿಯಲ್ಲಿ ಆ ಕೆಲಸಕ್ಕೆ ಅಪ್ಪನ ಪಿಕಪ್ ಬಂದಿತ್ತು.

ಉಬ್ಬುಗಣ್ಣಿನ ಎರಡು ದೀಪ, ಗುಂಡು ಮೂತಿ, ಮುಂದೆ ಇಬ್ಬರಿಗೆ ಜಾಗ, ಹಿಂದೆ ಬಯಲು ತೊಟ್ಟಿ. ಯಾವುದೋ ಕಲ್ಲಿನ ಖಣಿಯಲ್ಲಿ ದುಡಿದು ಸುಸ್ತಾದ ಮೇಲೆ ಅಪ್ಪನ ಕೈಗೆ ಸಿಕ್ಕಿತ್ತು. ಅಪ್ಪ ನೇಕಾರ; ಓಣಿಯ ಮಗ್ಗಗಳ ಸೀರೆಗಳನ್ನೆಲ್ಲ ಗಂಟು ಕಟ್ಟಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳಿಗೆ ಒಯ್ಯುತ್ತಿದ್ದ. ರಜೆ ಇದ್ದರೆ ಅಣ್ಣ ಈರಣ್ಣನೂ ನಾನೂ ಗಂಟುಗಳ ನಡುವೆ. ಹೊಸ ಸೀರೆಯ ಗಂಜಿಯ ವಾಸನೆ, ಡೀಸೆಲ್ ವಾಸನೆ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಮೇಲಿನ ಶೇಂಗಾ ಚಟ್ನಿಯ ವಾಸನೆ ಮೂರೂ ಕೂಡಿದರೆ ನನಗೆ ಇವತ್ತಿಗೂ ಲಕ್ಷ್ಮೇಶ್ವರ. ಅಲ್ಲಿ ದೊಡ್ಡ ದೊಡ್ಡ ಗುಡಿಗಳಿವೆ, ದೂರದೂರದಿಂದ ಜನ ಬಂದು ಕೈಮುಗಿಯುತ್ತಾರೆ. ನನಗೆ ಮಾತ್ರ ನೆನಪಿರುವುದು ನಾನು ವಾಂತಿ ಮಾಡಿಕೊಂಡ ಹುಣಸೆಮರ.

ಸಂತೆಗೆ ಹೋಗುವಾಗ ಕೆಮ್ಮಿ, ಹೊಗೆ ಉಗುಳಿ, ಏರಿನಲ್ಲಿ ನಿಂತು ಅಪ್ಪನ ಮರ್ಯಾದೆ ತೆಗೆಯುತ್ತಿದ್ದ ಆ ಗಾಡಿ ಹೆಣ ಒಯ್ಯುವಾಗ ಮಾತ್ರ ಹಟ ಮಾಡುತ್ತಿರಲಿಲ್ಲ. ಮೊದಲನೇ ಗೇರಿಗೆ ಹಾಕಿ ಅಪ್ಪ ಕಾಲು ತೆಗೆದುಬಿಟ್ಟರೆ ಆಕಳು ನಡೆದ ಹಾಗೆ ನಡೆಯುತ್ತಿತ್ತು. ಭಜನೆಯವರು ನಿಂತು ಪದ ಮುಗಿಸಿ ಹೆಜ್ಜೆ ಹಾಕಿದರೆ ಇದೂ ಹೆಜ್ಜೆ ಹಾಕುತ್ತಿತ್ತು. ವಿಮಾನವನ್ನು ಹಿಂದೆ ಮುಖ ಮಾಡಿ ಇಡುತ್ತಿದ್ದರು. ಹೋಗುವವರಿಗೆ ಹಿಂದೆ ಬರುವವರೆಲ್ಲ ಕಾಣಲಿ ಎಂದು. ಡ್ರೈವರನಿಗೆ ಕನ್ನಡಿಯಲ್ಲಿ ಕಾಣುವುದು ಅವರ ಬೆನ್ನು ಮಾತ್ರ. "ಹೂವಿನ ಬೆನ್ನು ಅಳ್ಳಾಡಬಾರದು, ಅಷ್ಟs ನೋಡ್ಕೋಬೇಕು" ಎನ್ನುತ್ತಿದ್ದ ಅಪ್ಪ. ಈ ಸೇವೆಗೆ ಅವನು ಯಾರ ಹತ್ತಿರವೂ ಏನೂ ತೆಗೆದುಕೊಂಡವನಲ್ಲ.

ದೊಡ್ಡವರ ಆಟ ಮಕ್ಕಳಿಗೂ ಬೇಕಲ್ಲ. ನಿಂತ ಗಾಡಿಯಲ್ಲಿ ನಾವೂ ಹೆಣ ಒಯ್ಯುವ ಆಟ ಆಡುತ್ತಿದ್ದೆವು. ಎಲ್ಲರಿಗಿಂತ ಸಣ್ಣವಳಾದ ನಾನು ಕಾಯಂ ಹೆಣ. ನಗಬಾರದು, ಕಣ್ಣು ಪಿಳುಕಿಸಬಾರದು, ಮೈಮೇಲೆ ಎಸೆದ ಚುರುಮುರಿ ತಿನ್ನಬಾರದು. ಮೂರನೆಯದು ಭಾಳ ಕಷ್ಟ ಇತ್ತು. ಅಣ್ಣ ಮುಂದೆ ಸ್ಟೇರಿಂಗು ಹಿಡಿದು ಬಾಯಲ್ಲಿ ಬುರ್ರೆಂದು ಸದ್ದು ಮಾಡುತ್ತಿದ್ದ. ಆ ಸದ್ದು ಸಾವಕಾಶ ಶುರುವಾಗಿ, ತಡೆಯಲಾರದೆ ಏರಿ ಏರಿ ಹುಬ್ಬಳ್ಳಿ ರಸ್ತೆ ಹಿಡಿಯುತ್ತಿತ್ತು. ಮಗ್ಗದ ಮನೆಯಿಂದ ಅಪ್ಪ ಕೂಗುತ್ತಿದ್ದ: "ಲೇ ಈರ್ಯಾ, ಹೆಣದ ಗಾಡಿ ಓಡಸಬ್ಯಾಡಲೇ!"

ಆ ಈರ್ಯಾ ಮುಂದೆ ಸರಕಾರಿ ಬಸ್ಸಿನ ಡ್ರೈವರ್ ಆದ. ಓಡಿಸುವ ಹುಚ್ಚು ಇದ್ದವನಿಗೆ ವೇಗಕ್ಕೆ ಬೀಗ ಹಾಕಿದ ಬಸ್ಸು ಕೊಟ್ಟರು. ನಿವೃತ್ತಿ ಆಗುವವರೆಗೆ ಅವನನ್ನು ಹಿಂದೆ ಹಾಕದ ವಾಹನ ಈ ಜಿಲ್ಲೆಯಲ್ಲಿ ಇರಲಿಲ್ಲ. ಮೆಣಸಿನಕಾಯಿ ಚೀಲ ಹೇರಿದ ಲೂನಾ ಕೂಡ ಹಾರ್ನ್ ಹೊಡೆದು ಮುಂದೆ ಹೋಗಿತ್ತೆಂದು ಅವನೇ ಹೇಳುತ್ತಿದ್ದ. ನಿವೃತ್ತಿಯಾಗಿ ಮನೆಯಲ್ಲಿ ಕೂತು ಫೋನು ತಿಕ್ಕುತ್ತಿದ್ದವನಿಗೆ ಒಂದು ದಿನ ಹೊರದೇಶದ ವಿಡಿಯೊ ಸಿಕ್ಕಿತು. ಮುದುಕನೊಬ್ಬ ತುಕ್ಕು ಹಿಡಿದ ಪಿಕಪ್ಪಿನ ತಲೆ ಕೊಯ್ದು ಗಿಡ್ಡ ಮಾಡಿ, ಹೊಟ್ಟೆಗೆ ದೊಡ್ಡ ಎಂಜಿನ್ ಹಾಕಿ, ಹಿಂದೆ ದಪ್ಪ ಗಾಲಿ, ಮುಂದೆ ಸಣ್ಣ ಗಾಲಿ ಕೊಟ್ಟು ಹಾರಿಸಿಕೊಂಡು ಹೋಗುತ್ತಿದ್ದ. ಹಾಟ್‌ರಾಡ್ ಅಂತಾರಂತೆ ಅದಕ್ಕೆ. ಅಣ್ಣ ಅದನ್ನು ನನಗೆ, ಓಣಿಗೆ, ಹಾಲಿನವನಿಗೆ, ಕೊನೆಗೆ ಕ್ಷೌರದಂಗಡಿಯ ಗೋಡೆಗೂ ತೋರಿಸಿ ಬಂದ. ಅಪ್ಪ ಹೋದ ಮೇಲೆ ತಗಡಿನ ಕೆಳಗೆ ಕೋಳಿಗಳ ಮನೆಯಾಗಿದ್ದ ನಮ್ಮ ಪಿಕಪ್ಪಿನ ಹಣೆಬರಹ ಆ ವಾರವೇ ಬದಲಾಯಿತು.

"ಅದು ಮಾಮಾರು ಕುಂತು ಹೋದ ಗಾಡಿ ಐತ್ರಿ" ಎಂದಳು ನೀಲವ್ವ ವೈನಿ. ನನ್ನ ಅತ್ತಿಗೆ. ಅವಳು ಜಗಳ ಆಡುವವಳಾಗಿರಲಿಲ್ಲ. ಒಂದು ಸಲ ಹೇಳುತ್ತಿದ್ದಳು, ಸುಮ್ಮನಾಗುತ್ತಿದ್ದಳು. ಎದುರಿನವರು ಇಡೀ ದಿನ ಅದನ್ನೇ ಮೆಲುಕು ಹಾಕಬೇಕಿತ್ತು. ಅವಳ ಮಾವ, ಅಂದರೆ ನಮ್ಮಪ್ಪನಷ್ಟೇ ಅಲ್ಲ, ಅತ್ತೆಯಾದ ನಮ್ಮವ್ವನೂ ಅದರಲ್ಲೇ ಹೋಗಿದ್ದಳು. ಅದಕ್ಕೂ ಮುಂಚೆ, ಮುಂಡರಗಿ ಕಡೆಯ ಹಳ್ಳಿಯಿಂದ ವೈನಿ ಈ ಮನೆಗೆ ಬಂದದ್ದೂ ಅದರಲ್ಲೇ. ಮುಂದೆ ಅಪ್ಪ ಮತ್ತು ಮದುಮಗನಾದ ಅಣ್ಣ. ಹಿಂದೆ ತೊಟ್ಟಿಯಲ್ಲಿ ಟ್ರಂಕು, ಹಾಸಿಗೆ, ನಾನು, ಮದುಮಗಳು. ದೂಳಿನಲ್ಲಿ ತನ್ನ ಅವ್ವ ಸಣ್ಣದಾಗಿ ಸಣ್ಣದಾಗಿ ಕಾಣದೆ ಹೋಗುವವರೆಗೂ ಅವಳು ಹಿಂದೆಯೇ ನೋಡುತ್ತಿದ್ದಳು. ನಾನು ಸಮಾಧಾನ ಮಾಡಲೆಂದು ಅವಳಿಗೆ ಕೊಟ್ಟ ಉಂಡಿಯನ್ನು ಆಮೇಲೆ ನಾನೇ ತಿಂದೆ.

"ಬರೋ ಮುಂದ ಹಿಂದ ಮಾರಿ ಮಾಡಿ ಕುಂತು ಬಂದೇನಿ. ಹೋಗೋ ಮುಂದನೂ ಅದರಾಗs ಹಂಗs ಹೋಗ್ತೀನಿ" ಎಂದು ವೈನಿ ಆಗಾಗ ಅನ್ನುತ್ತಿದ್ದಳು. ಮೊದಲು ಚೇಷ್ಟೆಗೆ. ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ಮೇಲೆ, ಕಾಲು ಊದಿ ಚಪ್ಪಲಿಯಲ್ಲಿ ಹೋಗದಾದ ಮೇಲೆ, ಅದು ಚೇಷ್ಟೆಯಾಗಿ ಉಳಿಯಲಿಲ್ಲ. ನನ್ನೆದುರಿಗೇ ಅಣ್ಣನಿಂದ ಮಾತು ತೆಗೆದುಕೊಂಡಳು.

"ಒಯ್ತೀನಿ ಮಾರಾಯ್ತಿ" ಎಂದ ಅಣ್ಣ. "ಅದರಾಗs ಒಯ್ತೀನಿ, ನಾನs ಹೊಡಕೊಂಡು ಹೊಕ್ಕೀನಿ. ಖರೆ ಅದಕ್ಕೂ ಮೊದಲ ನಿನ್ನ ಮುಂದಿನ ಸೀಟಿನ್ಯಾಗ ಕುಂಡ್ರಿಸಿ ಮುಂಡರಗಿಗೆ ಹಾರಿಸ್ಕೊಂಡು ಹೊಕ್ಕೀನಿ. ಜನ್ಮಪೂರ್ತಿ ಹಿಂದs ಕುಂತೀದಿ."

ನೋಡಿ, ಅವನ ತಲೆಯಲ್ಲಿ ಎರಡೂ ಇದ್ದವು. ಪ್ರೀತಿ ಇಲ್ಲದೆ ಮಾಡಿದ ಕೆಲಸ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಕೆಲಸ ನಡೆದದ್ದು ಮಗ್ಗದ ಮನೆಯಲ್ಲಿ. ನಮ್ಮದು ಕುಣಿ ಮಗ್ಗ. ನೇಯುವವರು ನೆಲಕ್ಕೆ ಕೂತು, ಕಾಲು ಇಳಿಬಿಟ್ಟು ತುಳಿಯಲು ನೆಲದಲ್ಲಿ ಕುಣಿ ಇರುತ್ತದೆ. ಅಪ್ಪ ಹೋದ ಮೇಲೆ ವೈನಿ ಆ ಕುಣಿಯಲ್ಲಿ ಕಾಲಿಟ್ಟು ವರ್ಷಗಟ್ಟಲೆ ಪಟ್ಟೆದಂಚಿನ ಸೀರೆ ನೇಯ್ದಿದ್ದಳು. ಉಸಿರು ಸಾಲದಾದಾಗ ಬಿಟ್ಟಿದ್ದಳು. ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಗುಂಡಿ ಬೇಕಿತ್ತು. ಅಣ್ಣ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ, ಹಿಂದಿನ ಗೋಡೆ ಒಡೆದ, ಕುಣಿಯನ್ನೇ ಅಗೆದು ಆಳ ಮಾಡಿದ. ಅವನ ಗೆಳೆಯ ಮಾಬೂಸಾಬ ವೆಲ್ಡಿಂಗ್ ಮಷೀನು ಹೊತ್ತು ತಂದ. ಮಾಬೂಸಾಬ ಕಿಟಕಿಯ ಸರಳು ಬಿಟ್ಟು ಬೇರೆ ಏನನ್ನೂ ನೆಟ್ಟಗೆ ಬೆಸೆದವನಲ್ಲ. ಆದರೆ ಆಕಾಶದಲ್ಲಿ ಹಾರುವ ವಿಮಾನ ಕೂಡ ಬೆಸೆದುಕೊಟ್ಟೇನು ಎನ್ನುವಷ್ಟು ಬಾಯಿ. ವೈನಿ ಹೊಸ್ತಿಲ ಮೇಲೆ ಕೂತು, ತನ್ನ ಕಾಲಿದ್ದ ಜಾಗದಲ್ಲಿ ಮಾಬೂಸಾಬನ ತಲೆ ಮೇಲೆದ್ದು ಚಹಾ ಕೇಳುವುದನ್ನು ನೋಡುತ್ತಿದ್ದಳು.

"ವೈನಿ, ನಿಮ್ಮ ಕುಣಿ ಭಾಳ ತಂಪೈತ್ರಿ" ಎನ್ನುತ್ತಿದ್ದ ಅವನು.

"ಹೌದಪಾ, ಅದಕ್ಕs ನನಗ ಸಂಧಿಬ್ಯಾನಿ ಬಂತು" ಎನ್ನುತ್ತಿದ್ದಳು ಇವಳು.

ಹುಬ್ಬಳ್ಳಿಯ ಗುಜರಿಯಿಂದ, ಅಪಘಾತದಲ್ಲಿ ನುಜ್ಜುಗುಜ್ಜಾದ ಯಾವುದೋ ಶ್ರೀಮಂತರ ಕಾರಿನ ಎಂಜಿನ್ ಬಂತು. ಅದನ್ನು ಕೂಡಿಸಲು ಗಾಡಿಯ ಮೂತಿಯ ಎರಡೂ ಕೆನ್ನೆ ತೆಗೆದರು. ಟಾಪು ಕೊಯ್ದು ಗೇಣುದ್ದ ಇಳಿಸಿದರು. ಒಳಗೆ ಕೂತರೆ ಅಣ್ಣನ ತಲೆ ಬಡಿಯತೊಡಗಿತು, ಅದಕ್ಕೆ ಸೀಟು ಇಳಿಸಿದರು. ಆಗ ರಸ್ತೆ ಕಾಣದಾಯಿತು, ಅದಕ್ಕೆ ದಿಂಬು ಹಾಕಿದರು. ಸೈಲೆನ್ಸರಿನ ಕೊಳವೆಗಳು ಎರಡೂ ಪಕ್ಕೆಯಿಂದ ಹೊರಗೆ ಬಂದವು. ಕೊನೆಗೆ, ಹಿಂದೆ ಉದ್ದ ಜಾಸ್ತಿ, ಚಂದ ಕಾಣುವುದಿಲ್ಲ ಎಂದು ತೊಟ್ಟಿಯ ಅರ್ಧ ಕೊಯ್ದರು. ಆ ಅರ್ಧವೇ ನೀವು ಕೂತಿರುವುದು. ಗುಜರಿಗೆ ಹಾಕಲು ಅಣ್ಣನಿಗೆ ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಜಾಗ ಇರಲಿಲ್ಲ. ತಂಗಿಯ ಮನೆ ಇರುವುದು ಮತ್ತೇತಕ್ಕೆ?

ಬಣ್ಣ ಹಚ್ಚುವ ದಿನ ವೈನಿ ಒಳಗಿಂದ ತನ್ನ ಮದುವೆಯ ಸೀರೆ ತಂದಳು. ಸಾಸಿವೆ ಹೂವಿನ ಹಳದಿ ಮೈ, ಕೆಂಪು ಅಂಚು. "ಬಳಿಯೋದಾದ್ರ ಈ ಬಣ್ಣ ಬಳೀರಿ" ಎಂದಳು. ಪೇಂಟರ್ ಮೂರು ಡಬ್ಬಿ ಬೆರೆಸಿ ಆ ಬಣ್ಣ ತಂದ. ನಿಜ ಹೇಳಬೇಕೆಂದರೆ, ಆ ಗಾಡಿಯನ್ನು ಆಡಿಕೊಂಡು ನಕ್ಕವಳು ನಾನು. ಬಣ್ಣ ಒಣಗಿದ ಮೇಲೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವಳೂ ನಾನೇ. ಅಷ್ಟು ಚಂದ ಇತ್ತು.

ಊರೊಳಗೆ ಓಡಿಸಿದರೆ ಪೊಲೀಸರು ಬಿಡುವುದಿಲ್ಲ ಎಂದು ಯಳವತ್ತಿ ಕಡೆಯ ಖಾಲಿ ರಸ್ತೆಗೆ ಒಯ್ದರು. ಅಣ್ಣ ಮತ್ತು ಮಾಬೂಸಾಬ ವಾರಗಟ್ಟಲೆ ಹೋಗಿ ಬಂದರು. ಎಷ್ಟು ಜೋರು ಹೋಗುತ್ತದೆ, ತಿರುವಿನಲ್ಲಿ ಹೆಂಗೆ ನಿಲ್ಲುತ್ತದೆ, ಎಲ್ಲ ನೋಡಿದರು. ಆಮೇಲೊಂದು ಬೆಳಗ್ಗೆ ಅಣ್ಣ ವೈನಿಯನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋದ. ಮುಂಡರಗಿಯವರೆಗೆ ಹೋಗಲು ಅವಳಿಗೆ ತ್ರಾಣ ಇರಲಿಲ್ಲ. ಜೋಳದ ಹೊಲಗಳ ನಡುವೆ ಒಂದಿಷ್ಟು ದೂರ, ಅಷ್ಟೇ. ಸಂಜೆ ನಾನು ಹೋದಾಗ ವೈನಿಯ ಕೂದಲು ಇನ್ನೂ ಕೆದರಿಕೊಂಡೇ ಇತ್ತು.

"ಹೆಂಗಿತ್ತು ವೈನಿ?"

"ಭಾಳ ಛಲೋ ಇತ್ತು. ಎದುರಿಂದ ಬರೂದೆಲ್ಲಾ ಮೊದಲs ಕಾಣತೈತಿ. ಹಿಂದ ಕುಂತ್ರ ಹೋದ ಮ್ಯಾಲ ಕಾಣತಿತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ನಿಮ್ಮಣ್ಣಾರನ ಕೇಳಿದೆ, ಇದು ಸಾವಕಾಶ ನಡೀತೈತೇನ್ರಿ ಅಂತ. ನಕ್ಕಬಿಟ್ರು."

"ಏನಂದ?"

"ಇದಕ್ಕ ಸಾವಕಾಶ ಯಾಕ ಬೇಕs ಅಂದ್ರು. ಇರಲಿ ಬಿಡು. ಇಷ್ಟು ಖುಷಿಯಾಗಿದ್ದು ನಾ ನೋಡಿರಲಿಲ್ಲ ಅವರನ್ನ." ಅಷ್ಟು ಹೇಳಿ ಚಹಾಕ್ಕೆ ಇಡಲು ಎದ್ದಳು. ನಾನು ಬೇಡವೆಂದರೂ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವೈನಿ ಹೋದಳು. ಮುಂಜಾನೆ ಎದ್ದು, ಹಲ್ಲುಜ್ಜಿ, ಹೊಸ್ತಿಲಿಗೆ ಒರಗಿ ಕೂತವಳು ಹಾಗೇ ಕೂತಿದ್ದಳು. ಕೂಡಿಸುವ ತೊಂದರೆಯನ್ನೂ ನಮಗೆ ಕೊಡಲಿಲ್ಲ.

ಹಿರಿಯರು ಟ್ರ್ಯಾಕ್ಟರ್ ಹೇಳಿ ಕಳಿಸಿದ್ದರು. ಅಣ್ಣ ಕೇಳಲಿಲ್ಲ. "ಮಾತು ಕೊಟ್ಟೀನಿ" ಎಂದ. ಅದೊಂದೇ ಮಾತು. ಅರ್ಧ ತೊಟ್ಟಿಯಲ್ಲಿ ವಿಮಾನ ಹಿಡಿಸಲಿಲ್ಲ. ಬಿದಿರಿನ ಹಿಂದಿನ ಕಾಲುಗಳು ಹೊರಗೆ ಉಳಿದವು. ಮಾಬೂಸಾಬ ಹಗ್ಗ ಸುತ್ತಿ ಸುತ್ತಿ ಕಟ್ಟಿದ. ಸಾಸಿವೆ ಬಣ್ಣದ ಗಾಡಿಯಲ್ಲಿ ಸಾಸಿವೆ ಬಣ್ಣದ ಸೀರೆ ಉಟ್ಟು, ಹಿಂದೆ ಮುಖ ಮಾಡಿ ವೈನಿ ಕೂತಳು. ಭಜನೆಯವರು ಮುಂದೆ ನಿಂತರು. ಅಣ್ಣ ಗಾಡಿ ಚಾಲೂ ಮಾಡಿದ.

ಆ ಸದ್ದಿಗೆ ಭಜನೆ ಮುಚ್ಚಿಹೋಯಿತು. ತಾಳ ಆಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅಣ್ಣ ಕ್ಲಚ್ ಬಿಟ್ಟ. ಗಾಡಿ ಜಿಗಿಯಿತು. ಭಜನೆಯ ಹಿರಿಯರೊಬ್ಬರು ಪಕ್ಕಕ್ಕೆ ಹಾರಿ ಉಳಿದುಕೊಂಡರು. ಕ್ಲಚ್ ಒತ್ತಿದ. ಎಂಜಿನ್ ಆರಿತು. ಮತ್ತೆ ಚಾಲೂ, ಮತ್ತೆ ಜಿಗಿತ, ಮತ್ತೆ ಆರಿತು. ನಡೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ. ಯಳವತ್ತಿ ರಸ್ತೆಯಲ್ಲಿ ಇವರಿಬ್ಬರೂ ಪರೀಕ್ಷೆ ಮಾಡದೆ ಬಿಟ್ಟದ್ದು ಅದೊಂದನ್ನೇ. ಹಿಂದೆ ನಡೆಯುತ್ತಿದ್ದ ನನಗೆ ವಿಮಾನ ತೂಗಾಡುವುದು ಕಾಣುತ್ತಿತ್ತು, ಅದರೊಳಗೆ ವೈನಿಯ ತಲೆ ಕಾಣುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಬನಶಂಕರಿ ಗುಡಿಯ ತಿರುವಿಗೆ ಬರುವಷ್ಟರಲ್ಲಿ ಬಿಸಿಯಾಗಿ ಹೊಗೆ ಬಂತು. ಗಾಡಿ ನಿಂತೇ ಬಿಟ್ಟಿತು.

"ಹೆಗಲ ಮ್ಯಾಲ ಒಯ್ಯೂಣು, ಇಳಸ್ರಿ" ಎಂದ ಯಾರೋ.

"ಏರಿಸಿದ ಮ್ಯಾಲ ನಡುವ ಇಳಸಂಗಿಲ್ಲ" ಎಂದರು ಹಿರಿಯರು. "ಆಕಿನ್ನ ದಾರ್ಯಾಗ ಇಳಿಸಿ ಹೊಂಟ್ರೇನು?"

ಅಣ್ಣ ಸ್ಟೇರಿಂಗು ಹಿಡಿದು ಹಾಗೇ ಕೂತಿದ್ದ. ಕೊಯ್ದ ಟಾಪಿನ ಕೆಳಗೆ ಅವನ ತಲೆ ಬಗ್ಗಿತ್ತು. ಮಾಬೂಸಾಬ ಕಿಟಕಿಯ ಹತ್ತಿರ ಹೋಗಿ, "ಈರಣ್ಣ, ಗೇರು ತಗಿ. ನಾವು ದಬ್ಬತೀವಿ" ಎಂದ. ಅಣ್ಣ ಗೇರು ತೆಗೆದ. ಮಾಬೂಸಾಬ ಎಡಕ್ಕೆ, ಓಣಿಯ ಗಂಡಸರು ಬಲಕ್ಕೆ, ಜಾಗ ಸಿಕ್ಕ ಕಡೆ ನಾವು ಹೆಂಗಸರೂ ಕೈ ಹಚ್ಚಿದೆವು. ಬೆಟಗೇರಿಯ ಎಲ್ಲಕ್ಕಿಂತ ಜೋರು ಓಡುವ ಗಾಡಿಯನ್ನು ಕೈಯಿಂದ ನೂಕಿಕೊಂಡು ರುದ್ರಭೂಮಿ ಮುಟ್ಟಿಸಿದೆವು. ಎಂಜಿನ್ ಆರಿದ್ದರಿಂದ ಭಜನೆ ಕೇಳಿಸತೊಡಗಿತು. ಗಾಡಿ ಹೆಜ್ಜೆ ಹೆಜ್ಜೆ ನಡೆಯಿತು. ಅಪ್ಪನ ಕಾಲದಲ್ಲಿ ನಡೆಯುತ್ತಿದ್ದಂತೆಯೇ ನಡೆಯಿತು.

ಅದಾದ ಮೇಲೆ ಅಣ್ಣ ಅದನ್ನು ಚಾಲೂ ಮಾಡಿಲ್ಲ. ಮಗ್ಗದ ಮನೆಯಲ್ಲಿ, ಕುಣಿಯ ಮೇಲೆ, ತಾಡಪತ್ರಿ ಹೊದ್ದು ನಿಂತಿದೆ. ನನ್ನ ಹತ್ತಿರವಿರುವ ಅರ್ಧವನ್ನು ಮತ್ತೆ ಬೆಸೆದುಕೊಡುತ್ತೇನೆ ಎಂದು ಮಾಬೂಸಾಬ ಎರಡು ಸಲ ಬಂದು ಅಳತೆ ಮಾಡಿಕೊಂಡು ಹೋದ. ಅಣ್ಣ ಬೇಡವೆಂದ. ಈಗೀಗ ಅವನು ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾನೆ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಖಾಲಿ ಇದ್ದರೂ ಕೊನೆಯ ಸೀಟಿಗೆ ಹೋಗಿ ಕೂಡುತ್ತಾನಂತೆ.

ನಿನ್ನೆ ಆ ಟ್ರ್ಯಾಕ್ಟರ್ ಹೋದ ಸ್ವಲ್ಪ ಹೊತ್ತಿಗೆ ಅವನು ಬಂದ. ನಾನು ಚೆಲ್ಲಿದ ಶೇಂಗಾ ಆರಿಸುತ್ತಿದ್ದೆ. ಅವನು ಹಲಗೆಯ ಮೇಲೆ ಕೂಡಲಿಲ್ಲ. ಚಪ್ಪಲಿ ಬಿಟ್ಟು ತೊಟ್ಟಿಯ ಒಳಗೆ ಹತ್ತಿ, ರಸ್ತೆಗೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತ. ನಮ್ಮ ಆಟದಲ್ಲಿ ನಾನು ಕೂಡುತ್ತಿದ್ದ ಜಾಗ ಅದು. ಅವನು ಅಲ್ಲಿ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಗಿರಿಜಾ, ನೀ ಹಿಂದ ನಡಕೋತ ಬಂದಿ. ನಂಗ ಬೆನ್ನಷ್ಟs ಕಾಣತಿತ್ತು. ಆಕಿ ಮಾರಿ ಹೆಂಗಿತ್ತು?"

ಸುಳ್ಳು ಹೇಳಬಹುದಿತ್ತು. ನನಗೆ ಬರಲಿಲ್ಲ.

"ಗಾಡಿ ಜಿಗಿದಾಗೆಲ್ಲ ತಲಿ ಆಡತಿತ್ತಣ್ಣ. ಹೂಂ ಹೂಂ ಅಂದಂಗ."

"ದಬ್ಬಾಕ ಹತ್ತಿದ ಮ್ಯಾಲ?"

"ಸುಮ್ನ ಕುಂತಿದ್ಳು. ಎಲ್ಲಾರನೂ ನೋಡಕೋತ."

ಅವನು ರಸ್ತೆಯನ್ನೇ ನೋಡುತ್ತಿದ್ದ. ನಾನು ಚಹಾ ತಂದುಕೊಟ್ಟೆ. ತೆಗೆದುಕೊಂಡು ಪಕ್ಕಕ್ಕಿಟ್ಟ.

"ಯಳವತ್ತಿ ರಸ್ತ್ಯಾಗ ಕೇಳಿದ್ಳು ಗಿರಿಜಾ, ಸಾವಕಾಶ ನಡೀತೈತೇನ್ರಿ ಅಂತ. ಜೋರು ಹೊಂಟೀವಲ್ಲ, ಅಂಜಿಕಿ ಬಂದು ಕೇಳ್ಯಾಳ ಅಂತ ತಿಳಕೊಂಡೆ ನಾನು."